ಸಲಿಕೆಗಳ ಲೆಕ್ಕ

ನಾಳೆ ನೋರುಜ್. ದೇಶಕ್ಕೆಲ್ಲ ರಜೆ.
ನನ್ನ ಮುಂದೆ ತಲಾಸ್ ಕಣಿವೆಯ ಏಳು ಹಳ್ಳಿ,
ಚೌಕುಳಿ ಗೆರೆಯ ಒಂದು ನೋಟುಪುಸ್ತಕ,
ಮಗಳ ಗಣಿತಕ್ಕೆಂದು ಕೊಂಡು ನಾನೇ ಕದ್ದದ್ದು.

ಎಡಪುಟದಲ್ಲಿ ಜನ: ಮುನ್ನೂರ ಹನ್ನೆರಡು.
ಬಲಪುಟದಲ್ಲಿ ಸಲಿಕೆ: ತೊಂಬತ್ತು,
ಅದರಲ್ಲಿ ಹದಿನೇಳಕ್ಕೆ ಹಿಡಿ ಸಡಿಲ.
ಬರುತ್ತೇನೆ ಅಂದವರ ಹೆಸರಿಗೆ ಪೂರ್ತಿ ಗೆರೆ,
ನೋಡೋಣ ಅಂದವರಿಗೆ ಅರ್ಧ.
ದೇವರು ಮನಸ್ಸು ಮಾಡಿದರೆ ಅಂದವರಿಗೆ
ಏನು ಹಾಕಲಿ?
ಚುಕ್ಕಿ ಇಟ್ಟೆ.
ಪುಟದ ತುಂಬ ಚುಕ್ಕಿ, ಈಗಷ್ಟೇ ಹಿಮ ಉದುರಿದ ಹಾಗೆ.

ಕಾಲುವೆ ಒಂದೇ, ಜಗಳ ಮೂವತ್ತು ವರ್ಷದ್ದು.
ಮೇಲಿನವರು ರಾತ್ರಿ ತೂಬು ಎತ್ತುತ್ತಾರೆಂದು ಕೆಳಗಿನವರು,
ಕೆಳಗಿನವರು ನೀರನ್ನು ದಾರಿಗೆ ಕುಡಿಸುತ್ತಾರೆಂದು ಮೇಲಿನವರು,
ನಡುವೆ ಮೊಣಕಾಲುದ್ದ ಹೂಳು,
ಯಾರ ಪರವೂ ಅಲ್ಲದ್ದು.

ಒಮುರ್ಜಾಕ್ ಮಾವ ಫೋನಿನಲ್ಲಿ ಗುಡುಗಿದ:
‘ಅವರ ಕಸ ನಾವೇಕೆ ಎತ್ತಬೇಕು?’
‘ಕಸ ಇಳಿದದ್ದು ನಿಮ್ಮಿಂದ, ಮಾವ.
ನೀರು ಮೇಲಕ್ಕೆ ಹರಿಯುವುದಿಲ್ಲ.’
ಫೋನು ಕುಕ್ಕಿದ.
ಅವನ ಹೆಸರಿನ ಮುಂದೆ ಚುಕ್ಕಿಯೂ ಇಲ್ಲ.

ರಾತ್ರಿ ಕಲೀಚಾಳ ಅಂಗಳದಲ್ಲಿ ಸುಮೊಲೊಕ್ ಕಡಾಯಿ.
ಮೊಳಕೆ ಗೋದಿಯ ಹಾಲು ಬೆಳಗಿನ ತನಕ ಬೇಯಬೇಕು,
ತಳ ಹಿಡಿಯದಂತೆ ಒಳಗೆ ಬೆಣಚುಕಲ್ಲು.
ನನಗೆ ಸೌಟು ಕೊಟ್ಟು ಅವಳು ಅಂದಳು:
‘ಕೈ ಬದಲಾಗಲಿ. ಸೌಟು ನಿಲ್ಲಬಾರದು.’
ಉಪದೇಶವಲ್ಲ, ಅವಳಿಗೆ ಚಹಾ ಬೇಕಿತ್ತು.

ಬೆಳಿಗ್ಗೆ ಎಂಟು. ಕಾಲುವೆಯ ಏರಿ.
ಬಂದವರು: ನಾನು, ಒಂದು ನಾಯಿ,
ಅಯೋಡಿನ್ ಸೀಸೆ ಹಿಡಿದ ನರ್ಸ್ ಜೂರಾ,
ಇನ್ನೂ ಆಗದ ಗಾಯಗಳಿಗಾಗಿ.
ಎಂಟೂವರೆ. ನಾಯಿಯೂ ಹೋಯಿತು.
ಎಂಟು ನಲವತ್ತಕ್ಕೆ ಕತ್ತೆಯೇರಿ
ತನ್ನದೇ ಸಲಿಕೆಯೊಂದಿಗೆ ಒಮುರ್ಜಾಕ್ ಮಾವ:
‘ನಿಮ್ಮನ್ನು ನಂಬಿ ನನ್ನ ತೂಬು ಬಿಡಲಾ?’
ಕಾವಲಿಗೆ ಬಂದವನು.
ಒಂಬತ್ತಕ್ಕೆ ಅಪ್ಪಣೆ ಕೊಡತೊಡಗಿದ,
ಹತ್ತಕ್ಕೆ ಸೊಂಟದ ತನಕ ಕೆಸರಲ್ಲಿದ್ದ.

ಆಮೇಲೆ ಟ್ರಾಕ್ಟರು, ಟ್ರಾಕ್ಟರಿನ ತುಂಬ ಕೆಳಹಳ್ಳಿ.
ಹಬ್ಬದ ಬಟ್ಟೆ ಬಿಚ್ಚಲಾರದ ಹುಡುಗಿಯರು,
ಬೂಟಿಗೆ ಪಾಲಿಶ್ ಹಾಕಿಬಂದ ಬೀನ್ಸ್ ವ್ಯಾಪಾರಿ
(ಆ ಬೂಟು ಈಗಲೂ ಅಲ್ಲೇ ಎಲ್ಲೋ ಇದೆ).
ಕೆಳಗಿನವರನ್ನು ಮೇಲೆ ಹಚ್ಚಿದೆ, ಮೇಲಿನವರನ್ನು ಕೆಳಗೆ.
ಗೊಣಗಿದರು. ಅಗೆದರು.
ಸಿಕ್ಕದ್ದು: ತೊಟ್ಟಿಲಿನ ಒಂದು ಕಾಲು,
ಕುದುರೆಯ ದವಡೆ, ಥರ್ಮಾಸಿನ ಮುಚ್ಚಳ,
ಲೆಕ್ಕಕ್ಕೆ ಬಾರದಷ್ಟು ಬಾಟಲಿ.
ಯಾರೂ ಅಪ್ಪಿಕೊಳ್ಳಲಿಲ್ಲ.
ಒಬ್ಬ ಇನ್ನೊಬ್ಬನಿಗೆ ಬೆಂಕಿಪೊಟ್ಟಣ ಎಸೆದ,
ಅವನು ಹಿಡಿದ, ಅಷ್ಟೇ.

ಮಧ್ಯಾಹ್ನದ ಮೇಲೆ ಬಯಲಿನಲ್ಲಿ ಕುದುರೆಯಾಟದ ಕೂಗು.
ಹುಡುಗರು ಸಲಿಕೆ ನೆಟ್ಟು ಓಡಿದರು.
ಹೊತ್ತು ಮುಳುಗಿದಾಗ
ಕೊನೆಯ ಹೊಲಕ್ಕೆ ಇನ್ನೂ ನಲವತ್ತು ಹೆಜ್ಜೆ ಹೂಳು.

ಸಲಿಕೆ ಎಣಿಸಿದೆ. ತೊಂಬತ್ತೊಂದು.
ಮತ್ತೆ ಎಣಿಸಿದೆ.
ಕೊಟ್ಟದ್ದಕ್ಕಿಂತ ಹೆಚ್ಚು ಮರಳಿದ್ದು
ನನ್ನ ಗುಮಾಸ್ತಿಕೆಯಲ್ಲಿ ಇದೇ ಮೊದಲು.
ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದು,
ಒಮುರ್ಜಾಕ್ ಮಾವನದಲ್ಲ, ಕೇಳಿದೆ.
ಅವನದು ಕತ್ತೆಯ ಬೆನ್ನ ಮೇಲಿತ್ತು.

ಮರುದಿನ ಹಬ್ಬವಿಲ್ಲ. ಕಚೇರಿ ಒಂಬತ್ತಕ್ಕೆ.
ಏಳಕ್ಕೇ ಆ ಸಲಿಕೆ ಹಿಡಿದು ಹೋದೆ,
ಕೊರೆಯುವ ಚಳಿ, ಅಂಗೈಯಲ್ಲಿ ನಿನ್ನೆಯ ಬೊಕ್ಕೆ.
ಹನ್ನೊಂದು ಹೆಜ್ಜೆ ಆಯಿತು.
ಬಾಕಿ ಇಪ್ಪತ್ತೊಂಬತ್ತು, ಎಂದು ಪುಸ್ತಕದಲ್ಲಿ ಬರೆದು
ಹೆಸರಿನ ಜಾಗ ಖಾಲಿ ಬಿಟ್ಟು
ಸಲಿಕೆಯನ್ನು ಅಲ್ಲೇ
ದಾರಿಗೆ ಕಾಣುವಂತೆ ನೆಟ್ಟು ಬಂದೆ.